ಸರಿ ಇದ್ದದ್ದನ್ನು ಸರಿ ಮಾಡುವವರು

ರೂಟರಿನ ಅಡಿಭಾಗದಲ್ಲಿ ಒಂದು ಬಿಳಿ ಚೀಟಿ ಅಂಟಿಸಿರುತ್ತಾರೆ. ಕನ್ನಡಕ ಹಾಕಿಕೊಂಡರೂ ಓದಲು ಬಾರದಷ್ಟು ಸಣ್ಣ ಅಕ್ಷರ. ಅಷ್ಟು ಸಣ್ಣದಾಗಿ ಮುದ್ರಿಸಿದವರು ಸಂಸಾರಸ್ಥರೇ ಇರಬೇಕು. ಮನೆಯ ಗಂಡಸರ ಕಣ್ಣಿಗೆ ಬೀಳದಿರಲಿ ಎಂಬ ಮುಂದಾಲೋಚನೆ ಅದರಲ್ಲಿ ಕಾಣುತ್ತದೆ. ಆದರೂ ನಮ್ಮ ಮನೆಯವರ ಕಣ್ಣಿಗೆ ಬಿತ್ತು. ಮೊಬೈಲಿನಲ್ಲಿ ಫೋಟೊ ತೆಗೆದು, ಎರಡು ಬೆರಳಿನಿಂದ ಹಿಗ್ಗಿಸಿ ಓದಿದರು: 192.168.1.1. ಬ್ರೌಸರಿನಲ್ಲಿ ಅದನ್ನು ಒತ್ತಿದರೆ ರೂಟರಿನ ಸೆಟಿಂಗ್ ತೆರೆದುಕೊಳ್ಳುತ್ತದೆ. ಕೆಳಗೆ ಯೂಸರ್‌ನೇಮ್ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಅಲ್ಲಿಯವರೆಗೆ ಅವರು ಬರೀ ಅಡಿಕೆ ಬೆಳೆಗಾರರಾಗಿದ್ದರು. ಅಂದಿನಿಂದ ಅಡ್ಮಿನ್ ಆದರು.

ಈ 192.168 ಎಂದು ಶುರುವಾಗುವ ವಿಳಾಸಗಳಲ್ಲಿ ಗುಟ್ಟೇನೂ ಇಲ್ಲ. ಮನೆಯೊಳಗಿನ, ಕಚೇರಿಯೊಳಗಿನ ಬಳಕೆಗೆಂದೇ ಬಿಟ್ಟುಕೊಟ್ಟ ಸಂಖ್ಯೆಗಳು ಅವು; 1996ರ ನಿಯಮವೇ ಹಾಗೆ ಹೇಳುತ್ತದೆ. ಹೆಚ್ಚುಕಡಿಮೆ ಪ್ರತಿ ಮನೆಯಲ್ಲೂ ಒಬ್ಬ ಪುಟ್ಟ ಇರುತ್ತಾನಲ್ಲ, ಹಾಗೆ. ‘ಪುಟ್ಟಾ’ ಎಂದು ಕೂಗಿದರೆ ಆಯಾ ಮನೆಯ ಪುಟ್ಟನೇ ಓಡಿ ಬರುತ್ತಾನೆ, ಪಕ್ಕದ ಮನೆಯವನು ತಿರುಗಿಯೂ ನೋಡುವುದಿಲ್ಲ. ಇದನ್ನು ನಾನು ವಿವರಿಸಿದಾಗ ಅವರ ಮುಖ ಸಪ್ಪಗಾಯಿತು. ತಮಗೊಬ್ಬರಿಗೇ ಸಿಕ್ಕ ಬಾಗಿಲು ಎಂದುಕೊಂಡಿದ್ದರು.

ಒಳಗೆ ಹೋದವರು ಮೊದಲು ಮಾಡಿದ್ದು ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿದ್ದು. ನ್ಯಾಯವಾಗಿ ಹೇಳಬೇಕೆಂದರೆ ಅದೊಂದು ಒಳ್ಳೆಯ ಕೆಲಸ. ಊರಿಗೆಲ್ಲ ಗೊತ್ತಿರುವ ಪಾಸ್‌ವರ್ಡ್ ಇಟ್ಟುಕೊಳ್ಳುವುದೂ ಒಂದೇ, ಬಾಗಿಲಲ್ಲೇ ಬೀಗದ ಕೈ ಬಿಟ್ಟು ಹೋಗುವುದೂ ಒಂದೇ. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಇಷ್ಟೆಲ್ಲ ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಹೊಸ ಪಾಸ್‌ವರ್ಡನ್ನು ತಮ್ಮ ಫೋನಿನಲ್ಲಿ ಮಾತ್ರ ಬರೆದಿಟ್ಟುಕೊಂಡರು. ನನಗೂ ಹೇಳಲಿಲ್ಲ. “ಅಡ್ಮಿನ್ ಅಂದ ಮೇಲೆ ಒಬ್ಬನೇ ಇರಬೇಕು” ಎಂದರು.

ನಮ್ಮದು ಸಾಗರದ ಕಡೆಯ ಹಳೆಯ ಮನೆ. ಒಂದೊಂದು ಜಂಬಿಟ್ಟಿಗೆಯ ಗೋಡೆಯೂ ಒಂದೂವರೆ ಅಡಿ ದಪ್ಪ. ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ, ಅದರಾಚೆ ಬಚ್ಚಲುಮನೆ ಎಂದು ಉದ್ದಕ್ಕೆ ಸಾಗುತ್ತದೆ. ಕೇಬಲ್ ಹುಡುಗ ರೂಟರನ್ನು ಎಲ್ಲಿ ಕೂರಿಸಿದರೆ ಎಲ್ಲರಿಗೂ ಸಿಗುತ್ತದೆ ಎಂದು ಯೋಚಿಸಲಿಲ್ಲ. ಎಲ್ಲಿ ಡ್ರಿಲ್ ಸಲೀಸಾಗಿ ಇಳಿಯುತ್ತದೆ ಎಂದು ನೋಡಿದ. ಹಾಗಾಗಿ ಅದು ಜಗಲಿಯ ಕಿಟಕಿಯ ಮೇಲೆ, ಮಾವನವರ ಅಪ್ಪಯ್ಯನ ಫೋಟೊದ ಪಕ್ಕ ಕೂತಿದೆ. ಅಂಗಳದಲ್ಲಿ ಒಣಗುವ ಅಡಿಕೆಗೆ ಪೂರ್ತಿ ಸಿಗ್ನಲ್. ಅಡುಗೆಮನೆಗೆ ಒಂದು ಗೀಟು, ಅದೂ ಮನಸ್ಸಿದ್ದರೆ.

ವೈಫೈ ಹರಿಯುವ ಎರಡು ತರಂಗಗಳಲ್ಲಿ ಇಂಥ ಮನೆಗೆ 2.4 ಗಿಗಾಹರ್ಟ್ಸೇ ಗತಿ. ಅದು ನಿಧಾನ, ಆದರೆ ಗೋಡೆಗಳನ್ನು ಹೇಗೋ ದಾಟಿಕೊಂಡು ಹೋಗುತ್ತದೆ. 5 ಗಿಗಾಹರ್ಟ್ಸ್ ಚುರುಕು. ದಪ್ಪ ಗೋಡೆ ಅಡ್ಡ ಬಂದರೆ ಮಾತ್ರ ಅಲ್ಲೇ ಸುಸ್ತಾಗುತ್ತದೆ. ನಮ್ಮ ಮನೆಯವರ ಲೆಕ್ಕ ಇನ್ನೂ ಸರಳ: ಐದು ದೊಡ್ಡದು, ಎರಡೂ ಚಿಲ್ಲರೆ ಸಣ್ಣದು. ಸಣ್ಣದನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಆರಿಸಿಯೇ ಬಿಟ್ಟರು. ಆಗ ನಡುಮನೆಯಾಚೆಯ ಕೋಣೆಯಲ್ಲಿ ಮಾವನವರು ಮಂಚದ ಮೇಲೆ ಕುಳಿತು ಫೋನಿನಲ್ಲಿ ಯಕ್ಷಗಾನ ನೋಡುತ್ತಿದ್ದರು. ಕೀಚಕ ಕುಣಿಯುತ್ತ ಕುಣಿಯುತ್ತ ಒಂದು ಕಾಲು ಎತ್ತಿದವನು ಇಳಿಸಲೇ ಇಲ್ಲ. ಭಾಗವತರ ಬಾಯಿ ತೆರೆದೇ ಇತ್ತು. ಮಾವನವರು ಫೋನನ್ನು ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ವಾಲಿಸಿ ನೋಡಿದರು. ಆಮೇಲೆ ನನ್ನನ್ನು ಕರೆದು, “ಕೀಚಕನಿಗೆ ಇನ್ನು ಭೀಮ ಬೇಕಾಗಿಲ್ಲ ಕಣೇ, ನಿನ್ನ ಗಂಡ ಸಾಕು” ಎಂದರು.

2.4 ವಾಪಸ್ ಬಂತು. ಅದರ ಹಿಂದೆಯೇ ಹೊಸ ತನಿಖೆಯೂ ಬಂತು. ಸಂಜೆ ಹೊತ್ತು ಆಗಾಗ ನೆಟ್ ತಡವರಿಸುವುದು ಏಕೆ? ಮೈಕ್ರೋವೇವ್ ಒಲೆ ಕೆಲಸ ಮಾಡುವುದೂ ಅದೇ ಆಸುಪಾಸಿನ 2.45 ಗಿಗಾಹರ್ಟ್ಸಿನಲ್ಲಿ, ಅದರಿಂದ ಚೂರುಪಾರು ಸೋರಿದರೂ ಹತ್ತಿರದ ವೈಫೈಗೆ ಕಿರಿಕಿರಿ. ನಮ್ಮ ಮನೆಯಲ್ಲಿ ಆ ಒಲೆಗೆ ಇರುವುದು ಒಂದೇ ಉದ್ಯೋಗ, ಹಲಸಿನ ಹಪ್ಪಳ ಸುಡುವುದು. ಮಗಳು ಅಡುಗೆಮನೆಯಲ್ಲಿ ಕುಳಿತು ಪಾಠ ಕೇಳುವಾಗ ಅತ್ತೆ ಹಪ್ಪಳ ಒಳಗಿಟ್ಟರೆ ಮೇಷ್ಟರ ಮಾತು ತುಂಡು ತುಂಡಾಗುತ್ತದೆ. ಅಡ್ಮಿನ್ ಅವರು ಪಾಠದ ಹೊತ್ತಿನಲ್ಲಿ ಹಪ್ಪಳ ನಿಷೇಧಿಸಿದರು. ಅತ್ತೆ ಒಂದು ಮಾತೂ ಆಡದೆ ಕೆಂಡದ ಮೇಲೆ ಸುಡಲು ಶುರು ಮಾಡಿದರು. ರುಚಿ ಎಷ್ಟೋ ಮೇಲಾಯಿತು. ಇಡೀ ಪ್ರಕರಣದಲ್ಲಿ ಮನೆಗೆ ಆದ ಲಾಭ ಇದೊಂದೇ ಎಂದು ನನ್ನ ಅಭಿಪ್ರಾಯ.

ಚಾನೆಲ್ಲಿನ ಕಥೆ ಬೇರೆ. 2.4ರ ಒಳಗೇ ಇರುವ ಓಣಿಗಳು ಅವು. 1, 6, 11 ಎಂಬ ಚಾನೆಲ್ಲುಗಳು ಒಂದರ ಮೇಲೊಂದು ಬೀಳುವುದಿಲ್ಲ, ಅದಕ್ಕೇ ಅವನ್ನು ಆರಿಸಿಕೊಳ್ಳಿ ಎನ್ನುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಗೋಡೆಗೆ ಗೋಡೆ ತಾಗಿಕೊಂಡು ಇರುವವರಿಗೆ ಈ ಮಾತು ವೇದವಾಕ್ಯ. ನಮಗೆ ಹತ್ತಿರದ ಮನೆ ಎಂದರೆ ತೋಟ ದಾಟಿ, ಹಳ್ಳದ ಸಂಕ ದಾಟಿ ಸಿಗುತ್ತದೆ. ಆದರೂ ‘ಯಾರೂ ಬಳಸದ ಚಾನೆಲ್ ಇರಲಿ’ ಎಂದು 13ಕ್ಕೆ ತಿರುಗಿಸಿದರು. ಅಮೆರಿಕದಲ್ಲಿ ಸಾಮಾನ್ಯವಾಗಿ 11ರ ತನಕ ಮಾತ್ರ ಬಳಕೆ. ಅಲ್ಲಿಗೆಂದು ತಯಾರಾದ ಎಷ್ಟೋ ಲ್ಯಾಪ್‌ಟಾಪುಗಳ ಪಾಲಿಗೆ 13 ಎಂಬುದು ಇಲ್ಲವೇ ಇಲ್ಲ. ನನ್ನ ಕಚೇರಿಯವರು ಕೊಟ್ಟದ್ದು ಅಂಥದ್ದೇ. ಮನೆಯಲ್ಲಿ ಎಲ್ಲರಿಗೂ ಕಾಣುವ ವೈಫೈ ಸಂಬಳ ತರುವ ಯಂತ್ರಕ್ಕೆ ಮಾತ್ರ ಕಾಣದಾಯಿತು.

ಒಂದು ಭಾನುವಾರ ‘ಕನೆಕ್ಟೆಡ್ ಡಿವೈಸಸ್’ ಎಂಬ ಪಟ್ಟಿ ಕಣ್ಣಿಗೆ ಬಿತ್ತು. ಮನೆಯಲ್ಲಿರುವ ತಲೆಗಳಿಗಿಂತ ದುಪ್ಪಟ್ಟು ಹೆಸರು ಅದರಲ್ಲಿ! ಕೆಲವು ಆಂಡ್ರಾಯ್ಡ್ ಎಂದು ಶುರುವಾಗಿ ಕೊನೆಗೆ ಬಾಯಿಗೆ ಬಾರದ ಅಕ್ಷರಗಳಾಗಿದ್ದವು, ಕೆಲವಕ್ಕೆ ಹೆಸರೇ ಇರಲಿಲ್ಲ. ಒಂದು ಮಾತ್ರ ಇಎಸ್‌ಪಿ ಎಂದು ಶುರುವಾಗಿತ್ತು. ಪ್ರತಿ ಉಪಕರಣಕ್ಕೂ ಮ್ಯಾಕ್ ವಿಳಾಸ ಎಂಬ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅದರ ಮೊದಲ ಆರು ಅಕ್ಷರ ಹುಡುಕಿದರೆ ತಯಾರಕರು ಯಾರೆಂದು ಸಾಮಾನ್ಯವಾಗಿ ತಿಳಿಯುತ್ತದೆ. ಹುಡುಕಿದರು. ಉತ್ತರ ಬಂತು: ಶಾಂಘೈ.

“ಶಾಂಘೈನವರು ನಮ್ಮ ಮನೆಯೊಳಗೆ ಏನು ಮಾಡುತ್ತಿದ್ದಾರೆ?” ಎಂದು ನನ್ನನ್ನು ಕೇಳಿದರು, ನಾನೇ ಕರೆದು ಕಾಫಿ ಕೊಟ್ಟವಳ ಹಾಗೆ.

“ರೀ, ಮನೆಯ ಸಾಮಾನೇ ಯಾವುದಾದರೂ ಇರಬಹುದು, ಮೊದಲು ವಿಚಾರಿಸಿ” ಎಂದೆ. ವಿಚಾರಣೆಗೆ ಮೊದಲೇ ಶಿಕ್ಷೆ ಜಾರಿಯಾಗಿತ್ತು. ಬ್ಲಾಕ್. ಮರುದಿನ ಬೆಳಿಗ್ಗೆ ಬಾವಿಯ ಪಂಪು ಹೊತ್ತಿಗೆ ಸರಿಯಾಗಿ ಶುರುವಾಗಲಿಲ್ಲ. ಬೆಂಗಳೂರಿನ ಮೈದುನ ದೀಪಾವಳಿಗೆ ಬಂದಾಗ ಫೋನಿನಿಂದಲೇ ಚಾಲೂ ಮಾಡಬಹುದಾದ ಸ್ವಿಚ್ಚೊಂದನ್ನು ಪಂಪಿಗೆ ಕೂರಿಸಿ ಹೋಗಿದ್ದ; ಅದರ ಹೊಟ್ಟೆಯೊಳಗಿದ್ದ ಚಿಪ್ಪಿನ ಹೆಸರು ಇಎಸ್‌ಪಿ. ಟ್ಯಾಂಕು ಬರಿದಾದದ್ದು ತಿಳಿದದ್ದು ಬಚ್ಚಲುಮನೆಯಿಂದ, ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತವರ ಕೂಗಿನಿಂದ. ಕೂಗಿದವರು ಅಡ್ಮಿನ್ ಅವರೇ. ದೇವರಿದ್ದಾನೆ ಎಂದು ನನಗೆ ಒಮ್ಮೊಮ್ಮೆ ಅನ್ನಿಸುವುದು ಇಂಥ ಹೊತ್ತಿನಲ್ಲಿ.

ಹೆಸರಿಲ್ಲದವುಗಳಲ್ಲಿ ಒಂದು ಮಗಳ ಫೋನೇ ಆಗಿತ್ತು. ಈಚಿನ ಫೋನುಗಳು ವೈಫೈಗೆ ತಮ್ಮ ನಿಜವಾದ ವಿಳಾಸ ಕೊಡುವುದಿಲ್ಲ, ಕಟ್ಟಿದ ವಿಳಾಸವೊಂದನ್ನು ಕೊಡುತ್ತವೆ. ಆಂಡ್ರಾಯ್ಡಿನಲ್ಲಿ 2019ರ ಹತ್ತನೇ ಆವೃತ್ತಿಯಿಂದ ಈ ರೂಢಿ ಬಂದಿದೆ. ಅದನ್ನೂ ಬ್ಲಾಕ್ ಮಾಡಿದರು. ಪಿಯುಸಿ ಓದುವ ಹುಡುಗಿ ಫೋನಿನ ಸೆಟಿಂಗಿನಲ್ಲಿ ಏನೋ ಒಂದನ್ನು ಒತ್ತಿ, ಬೇರೆ ವಿಳಾಸದಲ್ಲಿ ಒಳಗೆ ಬಂದು, ಬಾಳೆಹಣ್ಣು ಸುಲಿಯುತ್ತ ಅಪ್ಪನ ಎದುರೇ ಕುಳಿತಳು. ಅಪ್ಪ ಪಟ್ಟಿ ನೋಡಿ, “ಒಬ್ಬನನ್ನು ಹೊರಹಾಕಿದೆ, ಇನ್ನೊಬ್ಬ ಬಂದ” ಎಂದು ಹಲ್ಲು ಕಡಿದರು.

ಆ ಸಿಟ್ಟಿನಲ್ಲೇ ವೇಳಾಪಟ್ಟಿ ಹುಟ್ಟಿದ್ದು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಯಾರಿಗೂ ನೆಟ್ ಇಲ್ಲ ಎಂದು ರೂಟರಿನಲ್ಲೇ ಕಟ್ಟಳೆ ಬರೆದರು. ಕೊಯ್ಲಿನ ಕಾಲ, ಇಡೀ ದಿನ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರ ಹಿಂದೆ ಓಡಾಡಿ ದಣಿದಿದ್ದರು, ಒಂಬತ್ತೂವರೆಗೇ ಗೊರಕೆ. ಹಾಗಾಗಿ ಹತ್ತಕ್ಕೆ ನೆಟ್ ನಿಂತಿತೋ ಇಲ್ಲವೋ ಎಂದು ನೋಡಲು ಅವರು ಎದ್ದಿರುತ್ತಿರಲಿಲ್ಲ. ಆದರೆ ಆವತ್ತಿನಿಂದ ಪ್ರತಿ ಬೆಳಿಗ್ಗೆ ನೆಟ್ ನಾಪತ್ತೆಯಾಗತೊಡಗಿತು. ಅತ್ತೆಯ ಸುಪ್ರಭಾತ ಏಳಲಿಲ್ಲ. ನನ್ನ ಒಂಬತ್ತೂವರೆಯ ಮೀಟಿಂಗಿಗೆ ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಮೊಬೈಲ್ ಸಿಗ್ನಲ್ ಸಿಗುವ ಏಕೈಕ ಜಾಗವಾದ ಗೊಬ್ಬರಗುಂಡಿಯ ಪಕ್ಕ ನಿಲ್ಲಬೇಕಾಯಿತು. ‘ಹಿನ್ನೆಲೆಯಲ್ಲಿ ಏನೋ ಶಬ್ದ’ ಎಂದು ಆ ಕಡೆಯವರು ಕೇಳಿದರು. ಎಮ್ಮೆ ಎಂದು ಹೇಳುವ ಧೈರ್ಯ ಬರಲಿಲ್ಲ.

ಕೇಬಲ್ ಹುಡುಗನಿಗೆ ಫೋನು ಹೋಯಿತು. ಅವನು ಹನ್ನೊಂದಕ್ಕೆ ಬಂದ. ನೆಟ್ ಚೆನ್ನಾಗಿಯೇ ಓಡುತ್ತಿತ್ತು. ಕಾಫಿ ಕುಡಿದು ಹೋದ. ಮಾರನೆಯ ದಿನವೂ ಬೆಳಿಗ್ಗೆ ಇಲ್ಲ, ಅವನು ಬರುವ ಹೊತ್ತಿಗೆ ಇದೆ. ಆ ಹುಡುಗ ಅಂಗಳಕ್ಕೆ ಕಾಲಿಟ್ಟರೆ ನೆಟ್ ಬರುತ್ತದೆ, ಅವನ ಕಾಲ್ಗುಣ ಚೆನ್ನಾಗಿದೆ ಎಂದು ಅತ್ತೆ ತೀರ್ಮಾನಿಸಿ ಕಾಫಿಯ ಜೊತೆ ಅವಲಕ್ಕಿಯನ್ನೂ ಕೊಡತೊಡಗಿದರು. ಕೊನೆಗೆ ಅವನೇ, “ಅಣ್ಣಾ, ಸೆಟಿಂಗ್ ಒಮ್ಮೆ ತೆಗೆಯಿರಿ, ನೋಡೋಣ” ಎಂದ. ಅಡ್ಮಿನ್ ಅವರು ಅವನಿಗೆ ಬೆನ್ನು ತಿರುಗಿಸಿ ನಿಂತು, ಪಾಸ್‌ವರ್ಡ್ ಹಾಕಿ ತೆಗೆದರು. ಹುಡುಗ ಪುಟದ ಮೂಲೆಯಲ್ಲಿದ್ದ ಗಡಿಯಾರ ನೋಡಿದ, ಕೈಗಡಿಯಾರ ನೋಡಿಕೊಂಡ.

“ಅಣ್ಣಾ, ನಿಮ್ಮ ರೂಟರ್ ಲಂಡನ್ನಿನಲ್ಲಿದೆ” ಎಂದ.

ಕಾಲವಲಯವನ್ನು ಯಾರೂ ಬದಲಿಸಿರಲಿಲ್ಲ, ಅದು ಗ್ರೀನಿಚ್ ಕಾಲದಲ್ಲೇ ಇತ್ತು. ನಮಗಿಂತ ಐದೂವರೆ ಗಂಟೆ ಹಿಂದೆ. ಅದರ ರಾತ್ರಿ ಹತ್ತು ನಮ್ಮ ನಸುಕಿನ ಮೂರೂವರೆ, ಅದರ ಬೆಳಗಿನ ಐದು ನಮ್ಮ ಹತ್ತೂವರೆ. ಮಗಳಿಗೆ ರಾತ್ರಿಯಿಡೀ ಹಬ್ಬ, ಸಂಬಳದವಳಿಗೆ ಬೆಳಿಗ್ಗೆ ಗೊಬ್ಬರಗುಂಡಿ. “ನಿನಗೆ ಗೊತ್ತಿತ್ತೇನೇ?” ಎಂದು ಅಪ್ಪ ಗುಡುಗಿದರೆ, “ಗೊತ್ತಿತ್ತು ಅಪ್ಪಾ, ನೀವು ಕೇಳಲಿಲ್ಲವಲ್ಲ” ಎಂದಳು.

ನೆಂಟರು ಬಂದಾಗಿನ ಪಾಸ್‌ವರ್ಡ್ ಪುರಾಣವನ್ನೂ ಹೇಳಬೇಕು. ಸುರಕ್ಷತೆ ಹೆಚ್ಚಲಿ ಎಂದು ನಮ್ಮವರು ವೈಫೈ ಪಾಸ್‌ವರ್ಡನ್ನು ಅಷ್ಟೋತ್ತರದಷ್ಟು ಉದ್ದ ಮಾಡಿದ್ದರು. ಅದೂ ಸಾಲದೆಂದು 2018ರಲ್ಲಿ ಬಂದ ಡಬ್ಲ್ಯುಪಿಎ 3 ಎಂಬ ವೈಫೈಯ ಹೊಸ ಬೀಗವೊಂದನ್ನೇ ಇಟ್ಟು ಹಳೆಯದನ್ನು ತೆಗೆದರು. ಮಾವನವರ ಹಳೆಯ ಫೋನಿಗೆ ಆ ಹೊಸ ವಿದ್ಯೆ ಬಾರದು; ಕೀಚಕ ಮತ್ತೆ ಕಾಲೆತ್ತಿ ನಿಂತ. ಎರಡೂ ನಡೆಯುವ ಹಾಗೆ ಬದಲಿಸಿದ ಮೇಲೂ ಉದ್ದನೆಯ ಪಾಸ್‌ವರ್ಡ್ ಉಳಿಯಿತು. ಬಂದವರೆಲ್ಲ ಕೇಳುವುದು ಅತ್ತೆಯನ್ನೇ. ಅವರು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಏಕಾದಶಿಯ ಮನೆಯೊಳಗೆ, ಅದನ್ನು ಕನ್ನಡದಲ್ಲಿ ಬರೆದಿಟ್ಟುಕೊಂಡಿದ್ದರು: ‘ಎಸ್ ದೊಡ್ಡದು. ಎ ಸಣ್ಣದು. ಜಿ ಸಣ್ಣದು. ಸುತ್ತು ಹಾಕಿದ ಎ. ಎರಡು ಸೊನ್ನೆ. ಡಾಲರು. ಕೆಳಗೆ ಗೆರೆ.’ ಅತ್ತೆ ಒಂದೊಂದಾಗಿ ಹೇಳುತ್ತಿದ್ದರೆ ಇಂಜಿನಿಯರಿಂಗ್ ಓದಿದ ಹುಡುಗರು ಕೈಕಟ್ಟಿಕೊಂಡು ನಿಂತು ಕೇಳುತ್ತಿದ್ದರು. ಯಾರೊಬ್ಬರೂ ತಪ್ಪು ಒತ್ತಲಿಲ್ಲ.

ಸೆಟಿಂಗಿನಿಂದ ಸರಿಯಾಗದ್ದು ಜಗತ್ತಿನಲ್ಲಿ ಇಲ್ಲ ಎಂಬ ನಂಬಿಕೆ ನಮ್ಮವರಿಗೆ ಎಷ್ಟು ಗಟ್ಟಿಯಾಗಿತ್ತೆಂದರೆ, ಒಂದು ಸಂಜೆ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿನುಗುತ್ತಿದ್ದರೂ ಅವರು ಜಗಲಿಯಲ್ಲಿ ಕುಳಿತು, ಜಾಲತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೆ ಗೂಗಲ್ಲಿನ 8.8.8.8 ತುಂಬುತ್ತಿದ್ದರು. ಆ ದೀಪ ಕೆಂಪಾಯಿತೆಂದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ ಎಂದರ್ಥ. ಮಾವಿನ ಮರದ ಕೊಂಬೆಯಿಂದ ನಮ್ಮ ಫೈಬರ್ ತಂತಿ ನೇತಾಡುತ್ತಿತ್ತು, ಅದರ ತುದಿಯಲ್ಲಿ ಒಂದು ಮಂಗ.

ಕೊನೆಗೆ ಅವರ ಅಡ್ಮಿನ್‌ಗಿರಿಗೆ ತೆರೆ ಬಿದ್ದದ್ದು ಅಡಿಕೆ ಬೇಯಿಸುವ ಹಂಡೆಯಲ್ಲಿ. ಬಗ್ಗಿ ಬೆಂದಿದೆಯೇ ಎಂದು ನೋಡುವಾಗ ಅಂಗಿಯ ಜೇಬಿನಿಂದ ಫೋನು ಜಾರಿ ಕುದಿಯುವ ನೀರಿಗೆ ಬಿತ್ತು. ಸೌಟು ಹಾಕಿ ಎತ್ತುವ ಹೊತ್ತಿಗೆ ಅಡಿಕೆಯ ಜೊತೆ ಅದೂ ಹದವಾಗಿ ಬೆಂದಿತ್ತು. ಅಡ್ಮಿನ್ ಪಾಸ್‌ವರ್ಡ್ ಇದ್ದದ್ದು ಅದರಲ್ಲಿ ಮಾತ್ರ. ಹೊಸ ಫೋನು ಬಂದರೂ ಬಾಗಿಲು ತೆರೆಯಲಿಲ್ಲ. ಉಳಿದದ್ದು ರೂಟರಿನ ಹಿಂಬದಿಯ ಸೂಜಿತೂತು. ಅತ್ತೆ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೊಟ್ಟರು. ನಮ್ಮವರು ಅದನ್ನು ತೂತಿನೊಳಗೆ ಒತ್ತಿ ಹಿಡಿದು ಹತ್ತರ ತನಕ ಎಣಿಸಿದರು. ದೀಪಗಳೆಲ್ಲ ಒಮ್ಮೆ ಆರಿ, ಒಂದೊಂದಾಗಿ ಹೊತ್ತಿದವು. ನೆಟ್ ಬರಲಿಲ್ಲ.

ರೀಸೆಟ್ ಎಂದರೆ ನಾವು ಬರೆದದ್ದಷ್ಟೇ ಅಲ್ಲ, ಕಂಪನಿಯವರು ಮೊದಲ ದಿನ ತುಂಬಿದ್ದ ಯೂಸರ್‌ನೇಮ್, ಪಾಸ್‌ವರ್ಡೂ ಅಳಿಸಿ ಹೋಗುತ್ತವೆ. ಕೇಬಲ್ ಹುಡುಗ ಪಕ್ಕದೂರಿನಲ್ಲಿ ಕಂಬದ ಮೇಲಿದ್ದ. ಅಲ್ಲಿಂದಲೇ ಫೋನಿನಲ್ಲಿ ಹೇಳಿದ. ಅತ್ತೆ ಸ್ಪೀಕರಿಗೆ ಕಿವಿಗೊಟ್ಟು ಕ್ಯಾಲೆಂಡರಿನಲ್ಲಿ ಬರೆದುಕೊಂಡರು. ಮೊಮ್ಮಗಳು ಅದನ್ನು ನೋಡಿ ತುಂಬಿದಳು. ಹಸಿರು ದೀಪ ಬಂತು. “ಅಮ್ಮಾ, ಅಡ್ಮಿನ್ ಪಾಸ್‌ವರ್ಡೂ ಹೊಸದು ಇಟ್ಟುಬಿಡಿ, ನೀವೇ ಯಾವುದಾದರೂ ಹೇಳಿ” ಎಂದ ಹುಡುಗ. ಅತ್ತೆ ಮೊಮ್ಮಗಳ ಕಿವಿಯಲ್ಲಿ ಏನೋ ಹೇಳಿದರು. ಅವಳು ನಗುತ್ತ ಒತ್ತಿದಳು.

ಈಗ ಕೆಲವು ವಾರಗಳಿಂದ ಮಾವನವರ ಕೋಣೆಯಲ್ಲಿ ಕೀಚಕ ಸಾಂಗವಾಗಿ ಸಾಯುತ್ತಿದ್ದಾನೆ, ಪಂಪು ಹೊತ್ತಿಗೆ ಸರಿಯಾಗಿ ಶುರುವಾಗುತ್ತಿದೆ, ನಾನು ಕುರ್ಚಿಯ ಮೇಲೆ ಕುಳಿತೇ ಮೀಟಿಂಗಿನಲ್ಲಿ ಮಾತಾಡುತ್ತಿದ್ದೇನೆ. ಮೊನ್ನೆ ಭಾನುವಾರ ನಮ್ಮವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು.

“ಅಮ್ಮಾ, ಆ ಪಾಸ್‌ವರ್ಡ್ ಒಮ್ಮೆ ಹೇಳು. ಎಲ್ಲ ಸರಿ ಇದೆಯೋ ಇಲ್ಲವೋ ನೋಡಿಬಿಡುತ್ತೇನೆ.”

ಅತ್ತೆ ಕೆಂಡದ ಮೇಲಿನ ಹಪ್ಪಳ ಮಗುಚಿದರು. “ಸರಿ ಇದೆ ತಮ್ಮಾ, ನಾನು ನೋಡಿಯಾಯಿತು” ಎಂದರು.