ಮನೆಯ ಅಂಕ, ನೆರೆಯ ಅಂಕ

ಹೆತ್ತವರಿಗೆ ಹೆಗ್ಗಣ ಮುದ್ದು ಎಂದ ಬಾಯಲ್ಲೇ ಹಿತ್ತಲ ಗಿಡ ಮದ್ದಲ್ಲ ಎಂದೂ ಹೇಳಿ, ಎರಡನ್ನೂ ಒಂದೇ ಗೂಡಿನಲ್ಲಿಟ್ಟು, ಸಮಯಕ್ಕೆ ತಕ್ಕದ್ದನ್ನು ತೆಗೆದು ಬಳಸುವ ಜಾಣತನ ನಮ್ಮ ಹಿರಿಯರದು. ಈ ಎರಡರಲ್ಲಿ ಯಾವುದು ಹೆಚ್ಚು ನಿಜವೆಂದು ಲೆಕ್ಕ ಹಾಕಿ ನೋಡಬೇಕೆನ್ನುವವರು ಬ್ರಿಟನ್ನಿನ ಎರಡು ಕಡತಗಳನ್ನು ಬಿಡಿಸಬೇಕು. ಒಂದು, 1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಆರಂಭವಾದ, ಯೂರೋಪಿನ ದೇಶಗಳು ತಮ್ಮ ತಮ್ಮ ಹಾಡು ಕಳಿಸಿ ಒಂದಕ್ಕೊಂದು ಅಂಕ ಕೊಡುವ ಯೂರೋವಿಷನ್ ಹಾಡಿನ ಸ್ಪರ್ಧೆಯ ಅಂಕಪಟ್ಟಿ. ಇನ್ನೊಂದು, ಯಾವ ಹಾಡು ಎಷ್ಟು ಮಾರಾಟವಾಯಿತೆಂದು 1952ರಿಂದ ವಾರವಾರವೂ ತಿಳಿಸುತ್ತಿರುವ ಸಿಂಗಲ್ಸ್ ಚಾರ್ಟ್. ಸ್ಪರ್ಧೆಯಲ್ಲಿ ಯಾವ ದೇಶವೂ ತನ್ನ ಹಾಡಿಗೆ ತಾನೇ ಅಂಕ ಕೊಡುವಂತಿಲ್ಲ. ಆದ್ದರಿಂದ ಅಲ್ಲಿ ಕೇಳಿಸುವುದು ನೆರೆಹೊರೆಯವರ ಮಾತು. ಚಾರ್ಟಿನಲ್ಲಿ ಕೇಳಿಸುವುದು ಮನೆಯವರ ಜೇಬಿನ ಮಾತು.

ಮನೆಗೂ ನೆರೆಗೂ ಒಮ್ಮತವಿದ್ದ ವರ್ಷಗಳು ಇಲ್ಲದಿಲ್ಲ. 1967ರಲ್ಲಿ ವಿಯೆನ್ನಾದ ವೇದಿಕೆಯ ಮೇಲೆ ಬರಿಗಾಲಲ್ಲಿ ನಿಂತು ಹಾಡಿ ಬ್ರಿಟನ್ನಿಗೆ ಮೊದಲ ಗೆಲುವು ತಂದ ಸ್ಯಾಂಡಿ ಶಾ ಅವರ ಹಾಡು ಊರಿನಲ್ಲಿಯೂ ಮೊದಲ ಸ್ಥಾನಕ್ಕೇರಿತು. 1976ರ ಬ್ರದರ್‌ಹುಡ್ ಆಫ್ ಮ್ಯಾನ್ ತಂಡದ ಹಾಡಂತೂ ಹೇಗ್ ನಗರದ ಸ್ಪರ್ಧೆ ನಡೆಯುವುದಕ್ಕೆ ಮುಂಚೆಯೇ ಚಾರ್ಟಿನ ತುದಿಯಲ್ಲಿ ಕುಳಿತಿತ್ತು. ದೇಶದ ಹಾಡನ್ನು ಟಿವಿಯಲ್ಲಿ ವಾರಗಟ್ಟಲೆ ಮೊದಲೇ ಆರಿಸುತ್ತಿದ್ದ ಕಾಲವದು; ಲಗ್ನಕ್ಕೆ ಮುಂಚೆಯೇ ಮನೆ ತುಂಬಿಸಿಕೊಂಡ ಸೊಸೆಯ ಹಾಗೆ ಆ ಹಾಡು ಆಗಲೇ ಮನೆಮನೆಯಲ್ಲಿ ಓಡಾಡಿಕೊಂಡಿತ್ತು. ಆರು ವಾರ ಅಗ್ರಸ್ಥಾನ ಬಿಟ್ಟು ಕದಲದೆ, ಆ ವರ್ಷ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಹಾಡೂ ಆಯಿತು. ಆದರೆ ಗೆದ್ದವರಿಗೆಲ್ಲ ಈ ಭಾಗ್ಯವಿರಲಿಲ್ಲ: 1969ರಲ್ಲಿ ಇತರ ಮೂವರೊಂದಿಗೆ ಗೆಲುವು ಹಂಚಿಕೊಂಡ ಲುಲು ಅವರಿಗೆ ಊರಿನಲ್ಲಿ ಸಿಕ್ಕಿದ್ದು ಎರಡನೆಯ ಸ್ಥಾನ. ಅದರ ಹಿಂದಿನ ವರ್ಷ ನಮ್ಮ ಲಖನೌದಲ್ಲಿ ಹುಟ್ಟಿದ ಕ್ಲಿಫ್ ರಿಚರ್ಡ್ ಒಂದೇ ಒಂದು ಅಂಕದಿಂದ ಸ್ಪೇನಿಗೆ ಸೋತರು. ಸೋತ ಆ ಹಾಡನ್ನು ಊರಿನವರು ಮೊದಲ ಸ್ಥಾನದಲ್ಲಿ ಕೂರಿಸಿದರು.

ಮನೆಯವರೆಂದರೆ ಯಾರು ಎಂಬ ಪ್ರಶ್ನೆ ನನಗೆ ಬಂದದ್ದು 1974ರ ಪುಟದಲ್ಲಿ. ಆ ವರ್ಷ ಸ್ಪರ್ಧೆ ನಡೆದದ್ದು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ. ಗೆದ್ದದ್ದು ಸ್ವೀಡನ್ನಿನ ಅಬ್ಬಾ ತಂಡದ ‘ವಾಟರ್‌ಲೂ’. ಅದಕ್ಕೆ ಬ್ರಿಟಿಷ್ ತೀರ್ಪುಗಾರರು ಕೊಟ್ಟದ್ದು ಸೊನ್ನೆ. ಅದೇ ಬ್ರಿಟನ್ನಿನ ಜನ ಕೆಲವೇ ವಾರಗಳಲ್ಲಿ ಅಂಗಡಿಗೆ ಹೋಗಿ, ದುಡ್ಡು ತೆತ್ತು, ಅದೇ ಹಾಡನ್ನು ತಮ್ಮ ಚಾರ್ಟಿನ ತುದಿಗೇರಿಸಿದರು. ಬ್ರಿಟನ್ನಿನ ಪರವಾಗಿ ಹಾಡಿ ನಾಲ್ಕನೆಯವರಾಗಿದ್ದ ಒಲಿವಿಯಾ ನ್ಯೂಟನ್-ಜಾನ್ ಅವರ ಹಾಡು ಹನ್ನೊಂದಕ್ಕೆ ನಿಂತಿತು. ತೀರ್ಪುಗಾರರು ಕಿವಿಯಿಂದ ಕೇಳುತ್ತಾರೆ, ಗಿರಾಕಿಗಳು ಕಾಲಿನಿಂದ ಕೇಳುತ್ತಾರೆ ಎಂದು ನಾನು ಸಮಾಧಾನ ಹೇಳಿಕೊಂಡಿದ್ದೇನೆ. 1996ರಲ್ಲಿ ಜೀನಾ ಜಿ ಅವರ ಕುಣಿತದ ಹಾಡು ಓಸ್ಲೋದಲ್ಲಿ ಎಂಟನೆಯದಾಗಿ, ಊರಿನಲ್ಲಿ ಮೊದಲನೆಯದಾಗಿ, ಅಟ್ಲಾಂಟಿಕ್ ದಾಟಿ ಅಮೆರಿಕದ ಚಾರ್ಟಿನಲ್ಲಿ ಹನ್ನೆರಡರ ತನಕ ಹೋದದ್ದಕ್ಕೂ ಇದೇ ವಿವರಣೆ ಸಾಕೇನೋ. ಸಾರ್ವಜನಿಕರ ದೂರವಾಣಿ ಮತ ಐದು ದೇಶಗಳಲ್ಲಿ ಪ್ರಯೋಗಕ್ಕೆ ಬಂದದ್ದು ಮರುವರ್ಷ. ಬ್ರಿಟನ್ ಆ ವರ್ಷ ಗೆದ್ದಿತು, ಆದರೆ ಗೆದ್ದ ಹಾಡು ಊರಿನ ಚಾರ್ಟಿನಲ್ಲಿ ಮೂರನ್ನು ದಾಟಲಿಲ್ಲ.

ನೆರೆಯವರು ಪೂರ್ತಿ ಕೈಬಿಟ್ಟ ಹಾಡುಗಳ ಗತಿ ಇನ್ನೂ ಸ್ವಾರಸ್ಯದ್ದು. 2003ರಲ್ಲಿ ರೀಗಾ ನಗರದಲ್ಲಿ ಜೆಮಿನಿ ಎಂಬ ಜೋಡಿಗೆ ಇಡೀ ಯೂರೋಪಿನಿಂದ ಒಂದು ಅಂಕವೂ ಬರಲಿಲ್ಲ. ಊರಿನ ಚಾರ್ಟಿನಲ್ಲಿ ಆ ಹಾಡು ಹದಿನೈದನೆಯ ಸ್ಥಾನ ಪಡೆಯಿತು. ಕೊಂಡವರು ಯಾರು, ಮೆಚ್ಚಿ ಕೊಂಡರೋ, ಅಯ್ಯೋ ಪಾಪ ಎಂದು ಕೊಂಡರೋ, ಚಾರ್ಟು ಅದನ್ನು ಬರೆದಿಡುವುದಿಲ್ಲ. ಈಗ ಅಂಗಡಿಗೆ ಹೋಗುವ ಶ್ರಮವೂ ಇಲ್ಲ. 2014ರಿಂದ ಸ್ಟ್ರೀಮಿಂಗ್ ಕೂಡ ಚಾರ್ಟಿನ ಲೆಕ್ಕಕ್ಕೆ ಸೇರಿರುವುದರಿಂದ, ಶನಿವಾರ ರಾತ್ರಿ ನೋಡಿದ್ದನ್ನು ಭಾನುವಾರ ಹಾಸಿಗೆಯಿಂದ ಏಳದೆಯೇ ಮೇಲೇರಿಸಬಹುದು. 2023ರಲ್ಲಿ ಲಿವರ್‌ಪೂಲಿನಲ್ಲಿ ಇಪ್ಪತ್ತಾರು ಹಾಡುಗಳ ನಡುವೆ ಇಪ್ಪತ್ತೈದನೆಯವರಾದ ಮೇ ಮುಲ್ಲರ್ ಊರಿನ ಚಾರ್ಟಿನಲ್ಲಿ ಒಂಬತ್ತನೆಯ ಸ್ಥಾನ ಮುಟ್ಟಿದರು. ಗೆದ್ದ ಸ್ವೀಡನ್ನಿನ ಹಾಡಿಗೆ ಅದೇ ಚಾರ್ಟಿನಲ್ಲಿ ಎರಡನೆಯ ಸ್ಥಾನ ಸಿಕ್ಕಿತು.

ಮನೆಯೂ ನೆರೆಯೂ ಒಟ್ಟಿಗೆ ಕೈಬಿಟ್ಟದ್ದು ಎಂಗೆಲ್‌ಬರ್ಟ್ ಹಂಪರ್‌ಡಿಂಕ್ ಅವರನ್ನು. 1967ರಲ್ಲಿ ಬೀಟಲ್ಸ್ ತಂಡದ ಹಾಡನ್ನು ಬ್ರಿಟನ್ನಿನ ಚಾರ್ಟಿನ ತುದಿಗೆ ಹೋಗಗೊಡದೆ ತಡೆದವರು ಇವರೇ. 2012ರಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಬಾಕು ನಗರಕ್ಕೆ ಹೋಗಿ ಇಪ್ಪತ್ತಾರರಲ್ಲಿ ಇಪ್ಪತ್ತೈದನೆಯವರಾದರು. ಹಾಡು ಊರಿನಲ್ಲಿ ಅರವತ್ತನೆಯ ಸ್ಥಾನಕ್ಕಿಂತ ಮೇಲೆ ಬರಲಿಲ್ಲ. ಅವರು ಹುಟ್ಟಿದ್ದು ಮದ್ರಾಸಿನಲ್ಲಿ. ಆ ಲೆಕ್ಕದಲ್ಲಿ ನಾವು ಕನ್ನಡಿಗರು ಅವರಿಗೆ ನೆರೆಯವರೇ, ಹನ್ನೆರಡಕ್ಕೆ ಹನ್ನೆರಡು ಅಂಕವನ್ನೂ ಧಾರಾಳವಾಗಿ ಕೊಟ್ಟುಬಿಡುತ್ತಿದ್ದೆವು. ಸ್ಪರ್ಧೆಯಲ್ಲಿಲ್ಲದ ದೇಶಗಳ ವೀಕ್ಷಕರಿಗೂ ಮತ ಹಾಕುವ ಅವಕಾಶ ಬಂದದ್ದು ಮಾತ್ರ 2023ರಲ್ಲಿ.