ಮಾರ್ಚ್ ತಿಂಗಳಲ್ಲಿ ಮಾತ್ರ ಎಚ್ಚರಗೊಳ್ಳುವ ಕಾಯಿದೆ

ನಮ್ಮ ಇಂಜಿನಿಯರಿಂಗ್ ಕೈಗಾರಿಕೆಗಳ ಸಂಘದ ತಿಂಗಳ ಸುದ್ದಿಪತ್ರ ಕಳೆದ ವಾರ ಸದಸ್ಯರ ವಾಟ್ಸಾಪ್ ಗುಂಪಿಗೆ ಬಂದಿತು. ಇಪ್ಪತ್ತೆರಡು ಪುಟಗಳ ಪಿ.ಡಿ.ಎಫ್., ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷ್. ಒಬ್ಬರು ಕೈಮುಗಿದ ಚಿತ್ರ ಹಾಕಿದರು, ಮೂವರು ಹೆಬ್ಬೆರಳೆತ್ತಿದರು, ಅಲ್ಲಿಗೆ ಅದು ಮೇಲಕ್ಕೆ ಸರಿದು ಹೋಯಿತು. ತುಮಕೂರಿನ ಅಂತರಸನಹಳ್ಳಿಯಲ್ಲಿ ಎರಡು ಸಿ.ಎನ್.ಸಿ. ಟರ್ನಿಂಗ್ ಯಂತ್ರ, ಮೂರು ಹಳೆಯ ಲೇತು ಮತ್ತು ಹನ್ನೊಂದು ಜನ ಕೆಲಸಗಾರರನ್ನು ಇಟ್ಟುಕೊಂಡು ಬುಷ್, ಫ್ಲ್ಯಾಂಜ್, ಶಾಫ್ಟ್‌ಗಳನ್ನು ಮಾಡಿಕೊಡುವ ನಾನು, ಈ ಸಲ ಹಠ ಹಿಡಿದು ಭಾನುವಾರ ಮಧ್ಯಾಹ್ನ ಕುಳಿತು ಇಡೀ ಪತ್ರವನ್ನು ಓದಿದೆ. ಓದಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಒಂದೇ ವಿಷಯ. ನಮ್ಮಂಥವರಿಗೆ ಸಂಬಂಧಿಸಿದ ಎಲ್ಲ ಕಾನೂನು ಸುದ್ದಿಗಳಲ್ಲಿ ಅತ್ಯಂತ ಮುಖ್ಯವಾದದ್ದು ಸುಮಾರು ಇಪ್ಪತ್ತು ವರ್ಷಗಳಷ್ಟು ಹಳೆಯದು, ಮತ್ತು ಅದನ್ನು ನಾವು ಯಾರೂ ಬಳಸುತ್ತಿಲ್ಲ.

ಹೊಸ ಸುದ್ದಿಗಳು ಕಡಿಮೆಯೇನೂ ಇರಲಿಲ್ಲ. 29 ಕಾರ್ಮಿಕ ಕಾಯಿದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. 1948ರ ಕಾರ್ಖಾನೆ ಕಾಯಿದೆಯಲ್ಲಿ ವಿದ್ಯುತ್ ಬಳಸುವ ಘಟಕದಲ್ಲಿ 10 ಜನ ಇದ್ದರೆ ಅದು ಕಾರ್ಖಾನೆ ಎನಿಸುತ್ತಿತ್ತು. ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 20 ಆಗಿರುವುದರಿಂದ ಹನ್ನೊಂದು ಜನರ ನನ್ನ ಶೆಡ್ಡು ಆ ವ್ಯಾಖ್ಯೆಯಿಂದ ಹೊರಗೆ ಬೀಳುತ್ತದೆ. ಯಂತ್ರೋಪಕರಣಗಳ ಸುರಕ್ಷತೆಗೆ ಸಂಬಂಧಿಸಿದಂತೆ ಕೇಂದ್ರದ ಭಾರೀ ಕೈಗಾರಿಕೆಗಳ ಸಚಿವಾಲಯ 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಆದೇಶ ಒಂದು ವರ್ಷದ ನಂತರ ಜಾರಿಯಾಗಬೇಕಿತ್ತು, ಬಳಿಕ ಆ ದಿನಾಂಕವನ್ನು 2026ರ ಸೆಪ್ಟೆಂಬರ್ 1ಕ್ಕೆ ಮುಂದೂಡಲಾಯಿತು. ಲೇತು ತಯಾರಿಸುವವರಿಗೆ, ಆಮದು ಮಾಡುವವರಿಗೆ ಅದು ತಲೆನೋವು, ಲೇತು ಓಡಿಸುವ ನನಗೆ ಸದ್ಯಕ್ಕೆ ಅಲ್ಲ. ಜಿ.ಎಸ್.ಟಿ. ದರಗಳು 2025ರ ಸೆಪ್ಟೆಂಬರ್ 22ರಿಂದ ಬದಲಾದದ್ದು ಎಲ್ಲರಿಗೂ ಗೊತ್ತಿರುವುದೇ.

ಇವೆಲ್ಲವೂ ಬೇಕಾದ ಮಾಹಿತಿಯೇ. ಆದರೆ ತಿಂಗಳ ಏಳನೆಯ ತಾರೀಖು ಸಂಬಳ ಕೊಡುವ ಹೊತ್ತಿಗೆ ನನ್ನ ನಿದ್ದೆ ಕೆಡಿಸುವುದು ಇವು ಯಾವುವೂ ಅಲ್ಲ. ಮಾಲು ಕೊಟ್ಟು ಎಪ್ಪತ್ತು ದಿನವಾದರೂ ಬಾರದ ಹಣ ಕೆಡಿಸುತ್ತದೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಕೈಸಾಲದ ಬಗ್ಗೆ ಹುಟ್ಟಿದ್ದಿರಬಹುದು. ಇಂದು ಅದು ಸಣ್ಣ ಇಂಜಿನಿಯರಿಂಗ್ ಘಟಕಗಳ ಮಟ್ಟಿಗೆ ದಿನನಿತ್ಯದ ವ್ಯವಹಾರವೇ ಆಗಿದೆ.

ಒಂದು ಬಿಲ್ಲಿನ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತೇನೆ. ನಾಲ್ಕು ಲಕ್ಷ ರೂಪಾಯಿಯ ಮಾಲಿಗೆ ಶೇ. 18ರಂತೆ 72,000 ರೂಪಾಯಿ ಜಿ.ಎಸ್.ಟಿ. ಸೇರಿ 4,72,000 ರೂಪಾಯಿ ಬಿಲ್ಲು. ತಿಂಗಳ ರಿಟರ್ನ್ ಸಲ್ಲಿಸುವ ನಾನು ಮುಂದಿನ ತಿಂಗಳ 20ರೊಳಗೆ ಆ ತೆರಿಗೆಯನ್ನು ಕಟ್ಟಲೇಬೇಕು. ಉಕ್ಕು ಕೊಂಡಾಗ ಕಟ್ಟಿದ್ದನ್ನು ಕಳೆದುಕೊಂಡರೂ ಉಳಿದದ್ದು ನನ್ನ ಕೈಯಿಂದಲೇ ಹೋಗುತ್ತದೆ. ಖರೀದಿದಾರ ನನಗೆ ಇನ್ನೂ ಒಂದು ರೂಪಾಯಿ ಕೊಟ್ಟಿರುವುದಿಲ್ಲ, ಆದರೆ ನಾನು ತೋರಿಸಿದ ತೆರಿಗೆಯ ಮೇಲೆ ಅವನು ಹೂಡುವಳಿ ತೆರಿಗೆ ಜಮೆಯನ್ನು (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಪಡೆದುಕೊಂಡಿರುತ್ತಾನೆ. ಜಿ.ಎಸ್.ಟಿ. ಕಾನೂನು ಅವನಿಗೆ ಬಿಲ್ಲಿನ ದಿನಾಂಕದಿಂದ 180 ದಿನಗಳ ಕಾಲಾವಕಾಶ ಕೊಟ್ಟಿದೆ. ಆ ಅವಧಿ ದಾಟಿದರೆ ಮಾತ್ರ ಆ ಜಮೆಯನ್ನು ಬಡ್ಡಿಸಮೇತ ಹಿಂದಿರುಗಿಸಬೇಕು. ಅತ್ತ ಬ್ಯಾಂಕಿನಲ್ಲಿ ನನ್ನ ಯಂತ್ರದ ಸಾಲದ ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆಯೇ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಒಂದೇ ಹಣಕ್ಕೆ ಅವನಿಗೆ ಒಂದು ಗಡಿಯಾರ, ನನಗೆ ಇನ್ನೊಂದು. ಎಚ್.ಎಂ.ಟಿ. ಗಡಿಯಾರ ಕಾರ್ಖಾನೆ ಇದ್ದ ಊರಿನವನು ನಾನು, ಈ ಹೋಲಿಕೆ ತಾನಾಗಿಯೇ ಬಂತು.

ಇನ್ನು ಆ ಹಳೆಯ ಸುದ್ದಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ 15ನೆಯ ಕಲಮಿನ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಪಡೆದವರು ಬರಹದ ಒಪ್ಪಂದದಲ್ಲಿರುವ ದಿನದೊಳಗೆ ಹಣ ಕೊಡಬೇಕು. ಆ ಒಪ್ಪಂದದ ಅವಧಿ ಯಾವ ಕಾರಣಕ್ಕೂ 45 ದಿನಗಳನ್ನು ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಖರೀದಿ ಆದೇಶದಲ್ಲಿ ‘ತೊಂಬತ್ತು ದಿನ’ ಎಂದು ಅಚ್ಚು ಹಾಕಿ ನಮ್ಮಿಂದ ಸಹಿ ಹಾಕಿಸಿಕೊಂಡರೂ ಕಾನೂನಿನ ಕಣ್ಣಿನಲ್ಲಿ ಅದು 45 ದಿನವೇ. ಮಾಲು ಸರಿಯಿಲ್ಲ ಎಂಬ ನೆಪಕ್ಕೂ ಅಲ್ಲಿ ಬೇಲಿ ಇದೆ. ಮಾಲು ಮುಟ್ಟಿದ 15 ದಿನಗಳೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ ಮಾಲು ಮುಟ್ಟಿದ ದಿನವೇ ಅದನ್ನು ಒಪ್ಪಿಕೊಂಡಂತೆ ಲೆಕ್ಕ. ನಲವತ್ತನೆಯ ದಿನ ಫೋನು ಮಾಡಿ ‘ನಿಮ್ಮ ಲಾಟಿನಲ್ಲಿ ಆರು ಪೀಸು ರಿಜೆಕ್ಟು, ಬಿಲ್ಲು ತಡೆಹಿಡಿದಿದ್ದೇವೆ’ ಎಂದು ಹೇಳಿಸಿಕೊಂಡವರು ನಮ್ಮಲ್ಲಿ ಎಷ್ಟು ಜನರಿಲ್ಲ? ಹಾಗೆ ಹೇಳಿಸಿಕೊಂಡು ಆರರ ಬದಲು ಹತ್ತು ಪೀಸು ಕಳಿಸಿಕೊಟ್ಟು ಸುಮ್ಮನಾದವರಲ್ಲಿ ನಾನೂ ಒಬ್ಬ.

16ನೆಯ ಕಲಮು ಇನ್ನೂ ಗಟ್ಟಿ. ತಡವಾದ ಹಣಕ್ಕೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. 2024ರಲ್ಲಿ ಬ್ಯಾಂಕ್ ದರ ಶೇ. 6.75 ಇದ್ದಾಗ ಅದು ವರ್ಷಕ್ಕೆ ಶೇ. 20.25 ಆಗುತ್ತಿತ್ತು. ಮೇಲೆ ಹೇಳಿದ 4,72,000 ರೂಪಾಯಿ ಗಡುವು ದಾಟಿ ಎರಡು ತಿಂಗಳು ನಿಂತಿದ್ದರೆ ನನಗೆ ಸುಮಾರು 16,000 ರೂಪಾಯಿ ಬಡ್ಡಿ ಬರಬೇಕಿತ್ತು. ನನ್ನ ಹಿರಿಯ ಆಪರೇಟರ್‌ನ ಮುಕ್ಕಾಲು ತಿಂಗಳ ಸಂಬಳ ಅದು. ಈ ಬಡ್ಡಿಯನ್ನು ಖರೀದಿದಾರ ತನ್ನ ಆದಾಯ ತೆರಿಗೆಯಲ್ಲಿ ಖರ್ಚು ಎಂದು ತೋರಿಸುವಂತಿಲ್ಲ ಎಂದೂ 23ನೆಯ ಕಲಮು ಹೇಳುತ್ತದೆ. ಇಷ್ಟು ವರ್ಷಗಳಲ್ಲಿ ನಾನು ಎಷ್ಟು ಸಲ ಆ ಬಡ್ಡಿಯ ಬಿಲ್ಲು ಮಾಡಿದ್ದೇನೆ? ಒಂದು ಸಲವೂ ಇಲ್ಲ.

ಈಗ ಎಲ್ಲರ ಬಾಯಲ್ಲೂ ಇರುವ 43ಬಿ(ಎಚ್) ವಿಷಯಕ್ಕೆ ಬರುತ್ತೇನೆ. 2023ರ ಹಣಕಾಸು ಕಾಯಿದೆಯ ಮೂಲಕ 1961ರ ಆದಾಯ ತೆರಿಗೆ ಕಾಯಿದೆಗೆ ಸೇರಿ, 2023–24ರ ಹಣಕಾಸು ವರ್ಷದ ಲೆಕ್ಕದಿಂದಲೇ ಅನ್ವಯವಾದ ಉಪಕಲಮು ಇದು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಹಣ ಕೊಡದಿದ್ದರೆ, ಕೊಟ್ಟ ವರ್ಷದಲ್ಲಿ ಮಾತ್ರ ಅದನ್ನು ಖರ್ಚಾಗಿ ಕಳೆಯಬಹುದು. ಸುದ್ದಿಪತ್ರದಲ್ಲಿ ಇದನ್ನು ‘ಕ್ರಾಂತಿಕಾರಿ’ ಎಂದು ಬಣ್ಣಿಸಿದ್ದರು. 2024ರ ಮಾರ್ಚ್‌ನಲ್ಲಿ ಹಣ ಬಂದದ್ದಂತೂ ನಿಜ. ಎರಡು ವರ್ಷಗಳಿಂದ ಕೂತಿದ್ದ ಒಂದು ಬಾಕಿ ಸಹ 28ನೆಯ ತಾರೀಖು ಜಮೆಯಾಗಿ ನನ್ನ ಹೆಂಡತಿ ಬ್ಯಾಂಕಿನ ಸಂದೇಶವನ್ನು ಎರಡು ಸಲ ಓದಿದಳು. ಆದರೆ ಏಪ್ರಿಲ್ ಬಂದ ಕೂಡಲೇ ಮತ್ತೆ ಹಳೆಯ ರಾಗ. ಕಾರಣ ಸರಳ. ಜೂನ್‌ನಲ್ಲಿ ಕೊಟ್ಟ ಮಾಲಿಗೆ ಖರೀದಿದಾರ ಡಿಸೆಂಬರ್‌ನಲ್ಲಿ ಹಣ ಕೊಟ್ಟರೂ ಅದು ಅದೇ ಹಣಕಾಸು ವರ್ಷದೊಳಗೇ ಇರುವುದರಿಂದ ಅವನ ತೆರಿಗೆಯಲ್ಲಿ ಒಂದು ಪೈಸೆಯೂ ವ್ಯತ್ಯಾಸವಾಗುವುದಿಲ್ಲ. ಮಾರ್ಚ್ 31ಕ್ಕೆ ಬಾಕಿ ಉಳಿದು, ಗಡುವಿನೊಳಗೆ ಹಣ ಕೊಡದ ಬಿಲ್ಲುಗಳಿಗೆ ಮಾತ್ರ ಈ ನಿಯಮದ ಬಿಸಿ ತಾಗುತ್ತದೆ. ಹೀಗಾಗಿ ಇದು ವರ್ಷಕ್ಕೊಂದು ತಿಂಗಳು ಎಚ್ಚರವಾಗುವ ಕಾಯಿದೆ. ಉಳಿದ ಹನ್ನೊಂದು ತಿಂಗಳು ನಮ್ಮನ್ನು ಕಾಯಬೇಕಾದದ್ದು 2006ರ ಕಾಯಿದೆಯ ಬಡ್ಡಿಯೇ, ಅದನ್ನು ನಾವು ಕೇಳುತ್ತಿಲ್ಲ.

ಅದೇ ಮಾರ್ಚ್‌ಗೆ ಮುಂಚೆ ನಡೆದ ಇನ್ನೊಂದು ಮಾತನ್ನೂ ಬರೆದುಬಿಡುತ್ತೇನೆ. ನಮ್ಮದು ಸೂಕ್ಷ್ಮ ಅಥವಾ ಸಣ್ಣ ಉದ್ಯಮ ಎಂಬುದಕ್ಕೆ ಸರ್ಕಾರದ ದಾಖಲೆ ಉದ್ಯಮ್ ನೋಂದಣಿ. ಒಂದು ಕಂಪನಿಯ ಖರೀದಿ ವಿಭಾಗದವರು ನನಗೆ ಫೋನು ಮಾಡಿ, ‘ನಿಮ್ಮ ಉದ್ಯಮ್ ನೋಂದಣಿ ರದ್ದು ಮಾಡಿಸಿಬಿಡಿ ಸಾರ್, ನಮ್ಮ ಆಡಿಟರ್ ಕಿರಿಕಿರಿ ಮಾಡ್ತಿದ್ದಾರೆ, ಆರ್ಡರ್ ಮುಂದುವರಿಸೋದು ಕಷ್ಟ ಆಗುತ್ತೆ’ ಎಂದರು. ಬೆದರಿಕೆಯ ಧ್ವನಿಯಲ್ಲಿ ಅಲ್ಲ, ಬಹಳ ಮರ್ಯಾದೆಯಿಂದ. ನಾನು ರದ್ದು ಮಾಡಿಸಲಿಲ್ಲ, ಆದರೆ ಮಾಡಿಸುವುದಿಲ್ಲ ಎಂದು ಬಾಯಿಬಿಟ್ಟು ಹೇಳಲೂ ಇಲ್ಲ. ‘ನೋಡ್ತೀನಿ ಸಾರ್’ ಎಂದು ಫೋನು ಇಟ್ಟೆ. ಆ ವರ್ಷ ಅವರ ಆರ್ಡರು ಅರ್ಧಕ್ಕೆ ಇಳಿಯಿತು.

ನಾವು ದೂರು ಕೊಡದಿರುವುದರ ಮೂಲ ಇಲ್ಲಿದೆ, ಅಜ್ಞಾನದಲ್ಲಿ ಅಲ್ಲ. ತಡವಾದ ಹಣದ ದೂರು ಸಲ್ಲಿಸಲೆಂದೇ ಕೇಂದ್ರದ ಸಮಾಧಾನ್ ಜಾಲತಾಣ 2017ರಲ್ಲೇ ಶುರುವಾಯಿತು. ಇಂಥ ಬಾಕಿಯ ವ್ಯಾಜ್ಯ ತೀರ್ಮಾನಿಸುವ ರಾಜ್ಯದ ಸೌಲಭ್ಯ ಮಂಡಳಿಗೆ, ಖರೀದಿದಾರ ದೇಶದ ಯಾವ ಮೂಲೆಯಲ್ಲಿದ್ದರೂ, ಮಾಲು ಕೊಟ್ಟವನು ಇರುವ ಜಾಗದಿಂದಲೇ ಅರ್ಜಿ ಸಲ್ಲಿಸಬಹುದು. ಅರ್ಜಿಯನ್ನು 90 ದಿನಗಳಲ್ಲಿ ತೀರ್ಮಾನಿಸಬೇಕೆಂದು ಕಾಯಿದೆಯಲ್ಲಿದೆ, ಮಂಡಳಿಯ ತೀರ್ಪನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬೇಕಾದರೆ ಖರೀದಿದಾರ ಮೊದಲು ಶೇ. 75ರಷ್ಟು ಹಣವನ್ನು ಠೇವಣಿ ಇಡಬೇಕು. ಖರೀದಿ ಆದೇಶದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುವ ‘ವ್ಯಾಜ್ಯವಿದ್ದರೆ ಮಧ್ಯಸ್ಥಿಕೆ ನಮ್ಮ ಊರಿನಲ್ಲಿ’ ಎಂಬ ಷರತ್ತು ಈ ಹಕ್ಕನ್ನು ಕಿತ್ತುಕೊಳ್ಳಲಾರದು ಎಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆಯುಧಗಳೆಲ್ಲ ಇವೆ. ಆದರೆ ಒಬ್ಬನೇ ಗ್ರಾಹಕನಿಂದ ಶೇ. 60ರಷ್ಟು ಕೆಲಸ ಪಡೆಯುವ ಘಟಕ ಆ ಗ್ರಾಹಕನ ಮೇಲೆಯೇ ಆಯುಧ ಎತ್ತುವುದು ಎಲ್ಲಿಂದ? ಬಿಲ್ಲುಗಳನ್ನು ಹರಾಜಿಗಿಟ್ಟು ಬ್ಯಾಂಕುಗಳಿಂದ ಹಣ ಪಡೆಯುವ ಟ್ರೆಡ್ಸ್ ವ್ಯವಸ್ಥೆಯಲ್ಲೂ ಇದೇ ಕಥೆ. 250 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು 2025ರ ಮಾರ್ಚ್ 31ರೊಳಗೆ ಅಲ್ಲಿ ನೋಂದಾಯಿಸಬೇಕಿತ್ತು. ಆದರೆ ನನ್ನ ಬಿಲ್ಲನ್ನು ಅವರು ಅಲ್ಲಿ ಒಪ್ಪಿಕೊಂಡರೆ ತಾನೇ ಮುಂದಿನ ಮಾತು.

ಸಂಘ ಬೇಕಾಗುವುದು ಇಂಥ ಕಡೆ. 2006ರ ಕಾಯಿದೆಯ 21ನೆಯ ಕಲಮಿನಲ್ಲಿ ಸೌಲಭ್ಯ ಮಂಡಳಿಯಲ್ಲಿ ಸೂಕ್ಷ್ಮ ಮತ್ತು ಸಣ್ಣ ಕೈಗಾರಿಕೆಗಳ ಸಂಘಗಳ ಪ್ರತಿನಿಧಿಗೆ ಜಾಗ ಇಡಲಾಗಿದೆ, ಅಂದರೆ ಕಾನೂನು ಮಾಡಿದವರಿಗೇ ಸಂಘದ ನೆನಪಿತ್ತು. ನಾನು ಸಂಘವನ್ನು ಕೇಳುತ್ತಿರುವುದು ಮೊಕದ್ದಮೆ ಹೂಡಿ ಎಂದಲ್ಲ. ಕಂಪನಿಗಳ ವಾರ್ಷಿಕ ಲೆಕ್ಕಪತ್ರಗಳು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಣ್ಣ ಶುಲ್ಕಕ್ಕೆ ಯಾರಿಗಾದರೂ ಸಿಗುತ್ತವೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಎಷ್ಟು ಬಾಕಿ, ಅದು ಎಷ್ಟು ಹಳೆಯದು, ಅದರ ಮೇಲೆ ಎಷ್ಟು ಬಡ್ಡಿ ಕೊಡಬೇಕಿದೆ ಎಂಬುದನ್ನು ಅವರು ಅಲ್ಲಿ ಬೇರೆಯಾಗಿ ತೋರಿಸಲೇಬೇಕು. ನಮ್ಮ ಸದಸ್ಯರಿಗೆ ಹೆಚ್ಚು ಕೆಲಸ ಕೊಡುವ ಇಪ್ಪತ್ತು ಕಂಪನಿಗಳ ಆ ಒಂದು ಪುಟವನ್ನು ತರಿಸಿ, ಕನ್ನಡದಲ್ಲಿ ಸಾರಾಂಶ ಮಾಡಿ, ಸುದ್ದಿಪತ್ರದ ಮೊದಲ ಪುಟದಲ್ಲಿ ಹಾಕಿದರೆ ಯಾವ ಸದಸ್ಯನ ಹೆಸರೂ ಹೊರಬರುವುದಿಲ್ಲ, ಯಾರೂ ದೂರು ಕೊಟ್ಟಂತೆಯೂ ಆಗುವುದಿಲ್ಲ, ಹೊಸ ಆರ್ಡರು ಒಪ್ಪಿಕೊಳ್ಳುವ ಮುನ್ನ ಯಾರ ಕೈ ಹೇಗೆ ಎಂದು ತಿಳಿಯುತ್ತದೆ. ವಸಂತನರಸಾಪುರದಲ್ಲಿ ಮೆಷಿನ್ ಟೂಲ್ ಪಾರ್ಕ್, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಆರಂಭವಾದ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ, ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರ್ ಎಂದು ನಮ್ಮ ಜಿಲ್ಲೆಗೆ ಕೆಲಸ ಹೆಚ್ಚಾಗುವ ಲಕ್ಷಣಗಳಿರುವಾಗ, ಹೊಸಬರೊಂದಿಗೆ ವ್ಯವಹಾರ ಶುರುಮಾಡುವ ಮೊದಲೇ ಈ ಅಭ್ಯಾಸ ಬೆಳೆಯುವುದು ಒಳ್ಳೆಯದು. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ಮಿತಿ 25 ಕೋಟಿ ಹೂಡಿಕೆ ಮತ್ತು 100 ಕೋಟಿ ವಹಿವಾಟಿಗೆ ಏರಿರುವುದರಿಂದ, ನಿನ್ನೆಯವರೆಗೆ ‘ಮಧ್ಯಮ’ ಎಂದು ಈ ರಕ್ಷಣೆಯ ಹೊರಗಿದ್ದ ನಮ್ಮ ಕೆಲವು ಸದಸ್ಯರೂ ಈಗ ಒಳಗೆ ಬಂದಿದ್ದಾರೆ. ಅವರಿಗಾದರೂ ಗಟ್ಟಿಯಾಗಿ ಮಾತನಾಡುವ ಶಕ್ತಿ ಇದೆ.

ಇಷ್ಟು ಬರೆದ ಮೇಲೆ ನನ್ನ ಮನೆಯ ಕಸವನ್ನೂ ತೋರಿಸಬೇಕು. ನನ್ನ ಮಾಲಿಗೆ ಜಿಂಕ್ ಪ್ಲೇಟಿಂಗ್ ಮಾಡಿಕೊಡುವ ಹುಡುಗ ನಾಲ್ಕು ಜನರನ್ನು ಇಟ್ಟುಕೊಂಡು ಸತ್ಯಮಂಗಲದ ಕಡೆ ಒಂದು ಬಾಡಿಗೆ ಶೆಡ್ಡಿನಲ್ಲಿದ್ದಾನೆ. ಅವನಿಗೂ ಉದ್ಯಮ್ ನೋಂದಣಿ ಇದೆ. ಈ ಬರಹದ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ಸೋಮವಾರ ಅವನೇ ಬಂದು ಬಾಗಿಲಲ್ಲಿ ನಿಂತ. ‘ಸಾರ್, ಕಂಪನಿಯಿಂದ ಬಂದಿಲ್ಲ ಅಂತ ನೀವು ಹೇಳ್ತೀರ. ಕೆಮಿಕಲ್ ಅಂಗಡಿಯವರಿಗೆ ನಾನು ಯಾರ ಹೆಸರು ಹೇಳ್ಲಿ?’ ಎಂದ. ಡೈರಿ ತೆಗೆದು ನೋಡಿದೆ: 38,400 ರೂಪಾಯಿ, ಅತಿ ಹಳೆಯ ಚಲನ್‌ಗೆ 112 ದಿನ. ನಾನು ದೊಡ್ಡವರ ಬಗ್ಗೆ ಬರೆಯುತ್ತಿದ್ದ ಹಾಳೆ ಮೇಜಿನ ಮೇಲೆಯೇ ಇತ್ತು, ಅದನ್ನು ಮಗುಚಿಟ್ಟೆ. ಅಂದೇ ಅವನಿಗೆ ಅಸಲು ಕೊಟ್ಟೆ. ಬಡ್ಡಿ ಕೊಡಲು ಹೋದಾಗ ಅವನು ತೆಗೆದುಕೊಳ್ಳಲಿಲ್ಲ. ಮುಂದಿನ ಕೆಲಸ ಎಲ್ಲಿ ತಪ್ಪಿಹೋಗುತ್ತದೋ ಎಂದು ಅವನೂ ಹೆದರಿದ ಎಂಬುದು ನನಗೆ ಆಮೇಲೆ ಹೊಳೆಯಿತು.

ಈ ತಿಂಗಳಿನಿಂದ ನನ್ನ ಪ್ರತಿ ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆಯನ್ನೂ, 45 ದಿನ ಮೀರಿದರೆ 16ನೆಯ ಕಲಮಿನ ಬಡ್ಡಿ ಅನ್ವಯಿಸುತ್ತದೆ ಎಂಬ ಸಾಲನ್ನೂ ಅಚ್ಚು ಹಾಕಿಸಿದ್ದೇನೆ. ಇದುವರೆಗೆ ಒಬ್ಬರು ಮಾತ್ರ ಅದೇನೆಂದು ಕೇಳಿದ್ದಾರೆ. ಲೆಕ್ಕಪತ್ರಗಳನ್ನು ತರಿಸುವ ಪ್ರಸ್ತಾವವನ್ನು ಬರೆದು ಸಂಘದ ಕಾರ್ಯದರ್ಶಿಯವರಿಗೆ ಕೊಟ್ಟೆ. ಅವರು ಓದಿ, ಒಳ್ಳೆಯ ವಿಷಯ ಎಂದು ಹೇಳಿ, ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ‘ಇತರೆ ವಿಷಯಗಳು’ ಎಂಬಲ್ಲಿ ಸೇರಿಸಿದ್ದಾರೆ. ಅದರ ಮುಂದಿನ ಸಾಲು ‘ಭೋಜನ’ ಎಂದಿದೆ. ಸದಸ್ಯರು ದಯವಿಟ್ಟು ಅಲ್ಲಿಯವರೆಗೆ ಕುಳಿತಿರಬೇಕು.