ಹೆಣ್ಣು ಕೋಗಿಲೆಯ ಫೋಟೋ ಹಾಕಿದವರಿಗೆ ಏನು ಹೇಳುತ್ತೇವೆ?

ಪಕ್ಷಿವೀಕ್ಷಕರ ಗುಂಪುಗಳಿಗೆ ಸೇರಿದ ಹೊಸಬರು ಬಂದಷ್ಟೇ ಬೇಗ ಹೊರಟುಹೋಗುತ್ತಾರೆ ಎಂದು, ಈ ಗುಂಪುಗಳ ಬಗ್ಗೆ ಬಂದ ಲೇಖನವೊಂದರಲ್ಲಿ ಅದರ ಲೇಖಕರು ಬರೆದದ್ದು ನಿಜ. ಆದರೆ ಹೊಸಬರನ್ನು ಉಳಿಸಿಕೊಳ್ಳಲು ಗುಂಪಿನ ನಿಯಮಗಳನ್ನು ಸರಳ ಮಾಡಿದರೆ ಸಾಕು ಎನ್ನುವ ಅವರ ಮಾತನ್ನು ನಾನು ಒಪ್ಪಲಾರೆ. ಮುಖ್ಯವಾದದ್ದು ಹೊಸಬರಿಗೆ ಸಿಗುವ ಮೊದಲ ಉತ್ತರ.

ಮೈತುಂಬ ಬಿಳಿ ಚುಕ್ಕಿಗಳಿರುವ ಕಂದು ಹಕ್ಕಿಯ ಮಸುಕು ಫೋಟೋ ಹಾಕಿ ‘ಇದು ಯಾವುದು?’ ಎಂದು ಯಾರೋ ಕೇಳುತ್ತಾರೆ. ‘ಇಷ್ಟೂ ಗೊತ್ತಿಲ್ವಾ, ಹಳೇ ಪೋಸ್ಟ್ ಹುಡುಕಿ’ ಎಂದರೆ ಅವರು ಮತ್ತೆ ಬಾಯಿ ಬಿಡುವುದಿಲ್ಲ. ಅದರ ಬದಲು, ‘ಇದು ಹೆಣ್ಣು ಕೋಗಿಲೆ, ಕಪ್ಪಗಿರುವುದು ಗಂಡು ಮಾತ್ರ, ಇಬ್ಬರಿಗೂ ಕಣ್ಣು ಕೆಂಪು ನೋಡಿ’ ಎಂದು ಬರೆಯಲು ಅರ್ಧ ನಿಮಿಷ ಸಾಕು. ಬರೀ ಲ್ಯಾಟಿನ್ ಹೆಸರು ಎಸೆದು ಹೋಗುವುದೂ ಉತ್ತರವಲ್ಲ.

ಗೂಡಿನ ಫೋಟೋ ಹಾಕಿದವರನ್ನಂತೂ ಎಲ್ಲರೂ ಸೇರಿ ಬೈಯುತ್ತಾರೆ. ಗೂಡಿನ ಫೋಟೋ ಹಾಕಬಾರದೆಂಬ ನಿಯಮ ಸರಿಯೇ, ಆದರೆ ಕಾರಣ ಹೇಳಬೇಕಲ್ಲ? ಜನ ಹತ್ತಿರ ಹೋದರೆ ತಾಯಿಹಕ್ಕಿ ಗೂಡನ್ನೇ ಬಿಟ್ಟುಬಿಡಬಹುದು, ಕಾಗೆಗಳ ಕಣ್ಣಿಗೂ ಬೀಳಬಹುದು ಎಂದರೆ ಯಾರಿಗೆ ತಾನೇ ಅರ್ಥವಾಗದು?

ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಜಾಗತಿಕ ಹಕ್ಕಿ ಎಣಿಕೆ ಹೊಸಬರಿಗೆ ಒಳ್ಳೆಯ ದಾರಿ. ಭಾರತ ಅದನ್ನು ಸೇರಿದ್ದು 2013ರಲ್ಲಿ. ಮನೆಯಂಗಳದಲ್ಲಿ 15 ನಿಮಿಷ ನಿಂತು ಕಂಡ ಹಕ್ಕಿಗಳನ್ನು ಎಣಿಸಿದರಾಯಿತು, ದುಬಾರಿ ಕ್ಯಾಮೆರಾ ಬೇಡವೇ ಬೇಡ. ಹಳಬರು ಆಗ ಒಬ್ಬೊಬ್ಬ ಹೊಸಬರನ್ನು ಜೊತೆಗೆ ಕೂರಿಸಿಕೊಂಡು ಮೊದಲ ಪಟ್ಟಿ ಮಾಡಿಸಲಿ.